ತೆಗೆಸಿಹಾಕಿದ ಗಲಾಟೆ

ಗುಂಡ್ಲುಪೇಟೆ
ಸೋಮವಾರ

ಪ್ರಸಾದ,

‘ನಡುವೆ ಯಾವ್ದೋ ಮಗು ಅಳ್ತಿತ್ತು, ಯಾರೋ ಹೆಂಗ್ಸು ಬಯ್ತಿದ್ರು, ಎಲ್ಲಾ ತೆಗೆಸ್ಬುಟ್ಟೆ ಮಾವ’ ಎಂದೋ ಏನೋ ಹೇಳಿದೆ ನೀನು, ಮೊನ್ನೆ ನನ್ನ ಹಳೇ ಕ್ಯಾಸೆಟ್ಟಿನ ಹಾಡು ಹಾಕಿಸಿದ ಪೆನ್‌ಡ್ರೈವ್ ಕೊಡುವಾಗ. ನಾನು ಒಳ್ಳೆಯದಾಯಿತು ಎಂದೆ. ಆಮೇಲೆ ಮೂರು ಸಲ ಫೋನ್ ಮಾಡಿ, ಮಳೆಯ ವಿಚಾರ ಮಾತಾಡಿ ಇಟ್ಟೆ.

ಅದು ನಾನು ಮೊಟ್ಟಮೊದಲು ಕೊಂಡ ಕ್ಯಾಸೆಟ್ಟು. ಚಾಮರಾಜನಗರದಿಂದ ತೆರಕಣಾಂಬಿಯ ಮನೆಗೆ ಅಂಗಿಯೊಳಗಿಟ್ಟು ತಂದಿದ್ದೆ. ಹಿಂಬದಿಯ ತೂತಿಗೆ ಕಾಗದ ತುರುಕಿದರೆ ಹಾಡಿನ ಮೇಲೆ ಬೇರೆ ದನಿ ಹಿಡಿಯಬಹುದಿತ್ತು. ಬಾಣಂತನಕ್ಕೆ ಬಂದಿದ್ದ ಅಕ್ಕ ಹಾಗೇ ಮಾಡಿ, ಮಗುವಿನ ಮುಂದೆ ರೆಕಾರ್ಡ್ ಒತ್ತಿದಳು. ನಾನು ಕಿತ್ತುಕೊಳ್ಳಲು ಹೋದೆ. ‘ಓಗ್ಲಾ, ನಿನ್ ಹಾಡು ಅಂಗ್ಡೀಲಿ ಸಿಕ್ತದೆ, ನನ್ ಮಗ ಅಳೋದು ಸಿಕ್ತದಾ?’ ಎಂದು ಬಯ್ದಳು. ಹದಿನೈದು ದಿನ ಅವಳನ್ನು ಮಾತಾಡಿಸಲಿಲ್ಲ.

ಆ ಮಗು ನೀನು. ನಿನಗೆ ವರ್ಷ ತುಂಬುವ ಮೊದಲೇ ಅವಳು ತೀರಿಹೋದಳು. ಅವಳ ದನಿ ಬೇರೆಲ್ಲೂ ಇಲ್ಲ. ನೀನಾಗಿಯೇ ಗುರುತಿಸುವೆ ಎಂದು ಏನೂ ಹೇಳದೆ ಕ್ಯಾಸೆಟ್ಟು ಕೊಟ್ಟೆ. ನೆನಪೇ ಇಲ್ಲದ ದನಿಯನ್ನು ಯಾರಾದರೂ ಹೇಗೆ ಗುರುತಿಸುತ್ತಾರೆ ಎಂಬುದು ಈ ವಯಸ್ಸಿನಲ್ಲೂ ನನಗೆ ಹೊಳೆಯಲಿಲ್ಲ.

ಕ್ಯಾಸೆಟ್ಟನ್ನು ಪೆನ್‌ಡ್ರೈವಿಗೆ ಹಾಕಿಸಿದ ಅಂಗಡಿಯಲ್ಲೇ ಬಿಟ್ಟೆ ಎಂದೆಯಲ್ಲ. ಈ ಕಾಗದವನ್ನು ಬಸ್ ಕಂಡಕ್ಟರ್ ಕೈಲಿ ಕಳಿಸುತ್ತಿದ್ದೇನೆ. ಓದಿದ ಕೂಡಲೇ ಹೋಗು, ಗುಜರಿಗೆ ಹಾಕಿದ್ದರೆ ಅಲ್ಲಿಗೂ ಹೋಗು.

ಸಿಗದಿದ್ದರೆ, ಅಕ್ಕ, ನಿನ್ನ ದನಿ ಹೇಗಿತ್ತೆಂದು ಇವನಿಗೆ ನಾನು ಏನೆಂದು ಬರೆಯಲಿ?

ನಿನ್ನ ಮಾವ
ಮಲ್ಲೇಶ್