ಮೊಣಕೈ ಸಾಕು ಅಂದವನು ನಾನು

ಪ್ರೀತಿಯ ಅಣ್ಣನಿಗೆ,

ನಮ್ಮಿಬ್ಬರ ಚಹಾ ಆರಿ ತಣ್ಣಗಾಗುತ್ತಿದ್ದುದು ಒಂದೇ ಕಾರಣಕ್ಕೆ, ಕ್ರೇನ್ ಜಗಳಕ್ಕೆ. ಮರ ಇಳಿಸುವುದಕ್ಕೆ ಯಾವುದು ಮೇಲು ಎಂದು ಶುರು ಮಾಡಿದರೆ ನಮಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಲಾರಿಯ ಬೆನ್ನಿಗೆ ಕೂರಿಸಿದ ಗಿಡ್ಡ ಕ್ರೇನು ರಸ್ತೆಬದಿಯ ಮರಕ್ಕಷ್ಟೇ ಲಾಯಕ್ಕು, ಮನೆಯ ಹಿತ್ತಿಲಿಗೆ ಅದರ ತೋಳು ನಿಲುಕದು ಎನ್ನುತ್ತಿದ್ದೆ ನೀನು. ಅಷ್ಟಕ್ಕೆ ನನ್ನದೂ ಒಪ್ಪಿಗೆಯಿತ್ತು. ಮೊಣಕೈಯಂತೆ ಮಡಚಿಕೊಳ್ಳುವ, ನಾವು 'ಮೊಣಕೈ' ಎನ್ನುತ್ತಿದ್ದ ಹೊಸ ಕ್ರೇನು ಮಾತ್ರ ನನ್ನ ಮುದ್ದು. ಕಿರಿದಾದ ಗೇಟಿನಲ್ಲಿ ನುಸುಳಿ, ಕರೆಂಟು ತಂತಿಗಳ ಕೆಳಗಿನಿಂದ ಕೈ ಚಾಚಿ ಕೊಂಬೆ ಹಿಡಿಯುತ್ತಿತ್ತು. ನೀನು 'ಅಜ್ಜ' ಎಂದು ಹೆಸರಿಟ್ಟಿದ್ದ ಹಳೆಯ ದೊಡ್ಡ ಕ್ರೇನಿಗೆ ಬಂದು ಕಾಲೂರುವುದಕ್ಕೇ ಅರ್ಧ ದಿನ ಬೇಕು.

"ಅಜ್ಜ ನಿಧಾನ ಕಣೋ, ಆದ್ರೆ ಕೈ ನಡುಗಲ್ಲ. ಮೇಲೆ ಜೋತಾಡೋನು ನಾನು, ನನ್ನ ಕೇಳು," ಎಂದು ಕೆಳಗೆ ಕ್ರೇನು ನಡೆಸುವ ನನಗೆ ನೀನು ಹೇಳುತ್ತಿದ್ದೆ. ಒಂದೇ ಒಂದು ದಿನ ನಾನು ಕೇಳಲಿಲ್ಲ.

ಅಪ್ಪ ಮಾಲಿಯಾಗಿದ್ದ ಶಾಲೆಯ ಅಂಗಳದ ಮರ ಅದು. ವಾಲಿತ್ತು, ಮಕ್ಕಳ ಮೇಲೆ ಬೀಳುವ ಮೊದಲು ತೆಗೆಯಬೇಕಿತ್ತು. ಕೊಂಬೆಗಳೆಲ್ಲ ಇಳಿದು ಬೋಳು ಕಾಂಡವಷ್ಟೇ ಉಳಿದಾಗ ನೀನು ಎಂದಿನಂತೆ ಕೊಡಲಿಯ ಹಿಂಬದಿಯಿಂದ ತಟ್ಟಿದೆ. ತಟ್ಟಿ ಕಿವಿಗೊಟ್ಟೇ ಭಾರ ಹೇಳುವವನು ನೀನು. ಆ ದಿನ ಎರಡು ಸಲ ತಟ್ಟಿ, ಕೆಳಗಿಳಿದು ಬಂದು, "ಸದ್ದು ಸರಿ ಇಲ್ಲ. ಒಳಗೆ ಏನೋ ಇದೆ. ಅಜ್ಜನ್ನ ಕರೆಸೋಣ," ಎಂದೆ.

ಅಜ್ಜ ಒಳಗೆ ಬರಬೇಕೆಂದರೆ ಶಾಲೆಯ ಗೋಡೆ ಒಡೆಯಬೇಕಿತ್ತು, ಎರಡು ದಿನ ತಡ. ಅದೆಲ್ಲ ನೆಪ, ಅಣ್ಣಾ. ಹೊಸ ಕ್ರೇನು ಕೈಗೆ ಬಂದು ಮೂರು ತಿಂಗಳಾಗಿತ್ತು, ಅದರ ಕೈಚಳಕ ತೋರಿಸುವ ಚಪಲ ನನಗೆ. "ಗಂಟಿರತ್ತೆ ಅಷ್ಟೇ. ಎರಡು ಟನ್ ದಾಟಲ್ಲ. ಮೊಣಕೈ ಸಾಕು," ಎಂದೆ. ನೀನು ನನ್ನ ಮುಖ ನೋಡಿ ನಕ್ಕು, "ಆಯ್ತಪ್ಪಾ ದೊಡ್ಡ ಮನುಷ್ಯ," ಎಂದು ಮತ್ತೆ ಹತ್ತಿದೆ.

ಕಾಂಡ ಕೊಯ್ದು ಗರಗಸ ಆಚೆ ಬಂದ ಕ್ಷಣ ಪೂರ್ತಿ ಭಾರ ನನ್ನ ಕ್ರೇನಿನ ಮೇಲೆ ಬಿತ್ತು. ಅಲಾರಂ ಕೂಗಿತು. ಒಂದು ಕಾಲು ನೆಲ ಬಿಟ್ಟು ಮೇಲೆದ್ದಿತು, ತೋಳು ಕುಸಿಯಿತು, ತುಂಡು ತಿರುಗಿ ನಿನ್ನತ್ತ ಬಂತು. ಕ್ರೇನಿನ ಸನ್ನೆಕೋಲು ನನ್ನ ಕೈಯಲ್ಲೇ ಇತ್ತು.

ನೆಲಕ್ಕೆ ಬಿದ್ದ ತುಂಡಿನ ತೊಗಟೆ ಬಿರಿದಿತ್ತು. ಒಳಗೆ ಇಟ್ಟಿಗೆ, ಸಿಮೆಂಟು. ಸಿಮೆಂಟಿನ ಮೇಲೆ ಒಂದು ಪುಟ್ಟ ಅಂಗೈ. ನೋಡಿದ ಕೂಡಲೇ ಎಲ್ಲ ನೆನಪಾಯಿತು. ನನಗೆ ಆರು ವರ್ಷ, ನೀನು ಜ್ವರ ಬಂದು ಮನೆಯಲ್ಲಿ ಮಲಗಿದ್ದೆ. ಮರ ಉಳಿಯಲೆಂದು ಅಪ್ಪ ಪೊಟರೆಗೆ ಸಿಮೆಂಟು ತುಂಬುತ್ತಿದ್ದರು, ನಾನು ನೀರು ತಂದುಕೊಡುತ್ತಿದ್ದೆ. ಹಸಿ ಸಿಮೆಂಟಿಗೆ ಕೈ ಒತ್ತಿದೆ. ಅಪ್ಪ ಬೈದರು, ಆಮೇಲೆ ಅಳಿಸದೆ ಹಾಗೇ ಬಿಟ್ಟರು. ಮರ ಅದರ ಮೇಲೆ ತೊಗಟೆ ಹೊದಿಸಿತು, ನಾನು ಮರೆತೇಬಿಟ್ಟೆ.

ಮರೆತದ್ದಕ್ಕೆ ಕ್ಷಮೆ ಇದೆಯೇನೋ. ಆಮೇಲೆ ಮಾಡಿದ್ದಕ್ಕಿಲ್ಲ. ವಿಚಾರಣೆಗೆ ಬಂದವರು ಭಾರ ಹೇಳಿದ್ದು ಯಾರು ಎಂದು ಕೇಳಿದಾಗ, "ಅಣ್ಣ," ಎಂದುಬಿಟ್ಟೆ. ಯಾವಾಗಲೂ ಹೇಳುತ್ತಿದ್ದವನು ನೀನೇ ಆದ್ದರಿಂದ ಯಾರೂ ಎರಡನೇ ಪ್ರಶ್ನೆ ಕೇಳಲಿಲ್ಲ. ಮರ ಹತ್ತಿದವನ ಅಂದಾಜು ತಪ್ಪಿತು ಎಂದು ಬರೆದುಕೊಂಡು ಹೋದರು. ಅಂಗೈ ಗುರುತಿನ ಚೂರನ್ನು ನಾನು ಸಲಕರಣೆ ಪೆಟ್ಟಿಗೆಯಲ್ಲಿ ಬಚ್ಚಿಟ್ಟೆ.

ನೀನು ಹೋದ ಮೇಲೆ ಹನ್ನೊಂದು ತಿಂಗಳು ಅತ್ತಿಗೆ ನನ್ನನ್ನು ಒಂದೇ ಮಾತು ಕೇಳಿದರು. "ಲೆಕ್ಕ ತಪ್ಪೋರೇ ಅಲ್ಲ ಅವರು. ಆವತ್ತು ಬೆಳಿಗ್ಗೆ ನಾನು ಜಗಳ ಆಡಿ ಕಳಿಸಿದ್ನಲ್ಲ, ಅದಕ್ಕೇ ಮನಸ್ಸು ಎಲ್ಲೋ ಇತ್ತು, ಅಲ್ವಾ?" ನಾನು ತಲೆ ತಗ್ಗಿಸಿ ಅವರ ಮನೆಯ ಊಟ ಉಂಡು ಬರುತ್ತಿದ್ದೆ.

ಇವತ್ತು ಮಧ್ಯಾಹ್ನ ಆ ಚೂರನ್ನು ಅವರ ಅಡುಗೆಮನೆಯ ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದೆ. ಅತ್ತಿಗೆ ಒಲೆ ಆರಿಸಿದರು. ಆ ಗುರುತಿನ ಮೇಲೆ ಬೆರಳಾಡಿಸಿದರು. "ಹಾಗಾದ್ರೆ ಜಗಳದಿಂದ ಅಲ್ಲ," ಎಂದರು. "ಅಲ್ಲ ಅತ್ತಿಗೆ," ಎಂದೆ. ಸೆರಗು ಬಾಯಿಗೊತ್ತಿಕೊಂಡು ಅತ್ತರು. ಆಮೇಲೆ ಮುಖ ಒರೆಸಿಕೊಂಡು, "ಇದು ಇಲ್ಲೇ ಇರ್ಲಿ. ನೀನು ಇನ್ನು ಬರಬೇಡ," ಎಂದರು.

ನಾಳೆ ವಿಚಾರಣೆಯವರ ಕಚೇರಿಗೆ ಹೋಗಿ ಇದನ್ನೇ ಬರೆದುಕೊಡುತ್ತೇನೆ. ಅಲ್ಲಿಂದ ಮುಂದೆ ಏನಾಗುತ್ತದೋ ಗೊತ್ತಿಲ್ಲ.

ನಿನ್ನ ಕಿವಿ ಆವತ್ತೂ ಮೋಸ ಹೋಗಿರಲಿಲ್ಲ, ಅಣ್ಣಾ. ಈಗ ಅದು ಅತ್ತಿಗೆಗೂ ಗೊತ್ತು. ನೀನಿನ್ನು ಸಮಾಧಾನವಾಗಿ ಮಲಗು.

ಕೆಳಗೆ ನಿಂತೇ ಉಳಿದ,
ನಿನ್ನ ತಮ್ಮ