ಶೀಟಿನಾಗ ಇನ್ನೊಂದರ ಜಾಗಾ

ಜೂನ್ 6, ಸಂಜಿ

ಇವತ್ತೂ ನನ್ನ ಫೋಟೋ ಅಂಗಡಿಗೆ ಎಲ್ಲಾರೂ ಕೂಡೇ ಬಂದ್ರು. ತಾಲೂಕ ಕಚೇರಿ ಊಟಕ್ಕ ಬಾಗಿಲಾ ಹಾಕೂ ಹೊತ್ತಿಗೇ ಖಾನಾಪುರದ ಮಂದಿಗೆ ಪಾಸ್‌ಪೋರ್ಟ್ ಫೋಟೋ ನೆನಪಾಗತೈತಿ. ಒಬ್ಬಂವಗ ಕಣ್ಣ ತೆರಿ ಅಂದ್ರ ಬಾಯಿ ತೆರೀತಾನ. ತಲಿ ಮೊಸರಗಡಗಿ ಆತು.

ನಡುವ ಕರೆಂಟ್ ಹೋತು. ಫೋಟೋಶಾಪ್ ಬಂದ್. ಒಂದ ಶೀಟಿನಾಗ ಬ್ಯಾರೆ ಬ್ಯಾರೆ ಗಿರಾಕಿಗೋಳ್ನ ಕುಂದರಿಸಿದ್ದೆ, ಸೇವ್ ಮಾಡಿರಲಿಲ್ಲ. ಎಲ್ಲಾ ಮತ್ತ ಮೊದಲಿಂದ. ಮನ್ಯಾಗ ಹೇಳಿದ್ರ ನಮ್ಮವರು, ಸುಯೋಗ, ನಗತಾರ — "ತ್ರಿಶಲಾ, ಕಾಗದ ಉಳಸಾಕ ನೀ ವೈರಿಗೋಳ್ನೂ ಬಾಜು ಬಾಜು ಕುಂದರಸ್ತಿ." ನಗಲಿ. ಸುಯೋಗಗ ಸಾಂಬ್ರಾದಾಗ ಎಸಿ ಆಫೀಸ್, ಅವರಿಗೇನ ಗೊತ್ತು. ಗ್ಲಾಸಿ ಶೀಟಿನಾಗ ಖಾಲಿ ಜಾಗಾ ಕಂಡ್ರ ನನಗ ತಾಟಿನಾಗ ಅನ್ನಾ ಬಿಟ್ಟಂಗ ಆಗತೈತಿ. ಅದಕ್ಕ ಎಲ್ಲಾರಿಗೂ ಕೇಳೂದು: "ಜಾಗಾ ಉಳದೈತಿ, ಮನ್ಯಾಗ ಇನ್ನೊಬ್ಬರದಿದ್ರ ಕೊಡ್ರಿ."

ಜೂನ್ 11

ದೇಸೂರಿನ ಸುಮಂತ ಬಂದಿದ್ದ. ಇಸ್ತ್ರಿ ಅಂಗಿ, ಮಾತಿಗೊಮ್ಮೆ ನನಗ 'ವೈನಿ' ಅನ್ನೂದು, ಅತ್ತಿಗಿ ಅಂದಂಗ. ಸಂಗಾಟ ಅವನ ದೊಡ್ಡವ್ವ ಕಾಶೀಬಾಯಿ. ಗಂಡ ಇಲ್ಲ, ಮಕ್ಕಳಿಲ್ಲ, ಇವನ ಕೂಡ ಇರತಾಳಂತ.

"ಸೆರಗ ಹಿಂದ ಸರಸ್ರಿ ಆಯಿ, ಕಿವಿ ಕಾಣಬೇಕು."

"ನನ್ನ ಕಿವಿ ತಗೊಂಡು ಸರಕಾರ ಏನ ಮಾಡತೈತಿ?"

ನಕ್ಕೊಂತ ತಗದೆ. ಆಯಿ ಹೊರಗ ಚಾ ಕುಡ್ಯಾಕ ಹೋದ್ಲು. ಸುಮಂತ ಕುರ್ಚಿ ಹಂತ್ಯಾಕ ಎಳಕೊಂಡ.

"ವೈನಿ, ಇದರಾಗಿಂದನ ಒಂದ ದೊಡ್ಡದ ಮಾಡ್ರಿ. ಹಿಂದ ಮೋಡ, ಕೆಳಗ ದೀಪಾ. ಮ್ಯಾಲ ಭಾವಪೂರ್ಣ ಶ್ರದ್ಧಾಂಜಲಿ."

"ಅಲ್ಲೇ ಹೊರಗ ಕುಂತಾಳಲ್ಲೋ…"

"ವಯಸ್ಸಾತ್ರಿ. ನಾಳೆ ಏನರ ಆದ್ರ ಗಡಿಬಿಡ್ಯಾಗ ಚಲೋ ಫೋಟೋ ಸಿಗಾಂಗಿಲ್ಲ. ಅಪ್ಪ ಹೋದಾಗ ಆಧಾರ್ ಕಾರ್ಡಿನ ಫೋಟೋ ಹಾಕಿದ್ವಿ, ಮಂದಿ ನಕ್ಕರು. ತಾರೀಖ ಖಾಲಿ ಬಿಡ್ರಿ."

ಕೂಸು ಹುಟ್ಟೂ ಮೊದಲ ಕುಲಾಯಿ ಹೊಲಸೂದು ಕೇಳೀನಿ. ಇದೇನು ಹೊಸಾದು. ಆದ್ರ ಖರೇ, ಕೆಲವು ಹಿರೇರು ತಾವಾಗೇ ಬಂದು ತಗಸಿ ಇಡತಾರ. ಮಾಡಿದೆ. ಎ-ಫೋರ್ ಶೀಟಿನಾಗ ದೊಡ್ಡದೊಂದು, ಬಾಜು ಸಾಲಾಗಿ ಪಾಸ್‌ಪೋರ್ಟ್ ಸೈಜಿನವು. ಕೆಳಗ ಮೂಲ್ಯಾಗ ಒಂದರ ಜಾಗಾ ಉಳೀತು. ಬಾಯಿ ಚಟ — "ಇನ್ನೊಂದರ ಜಾಗಾ ಐತಿ, ಯಾರದರ ಇದ್ರ ಕೊಡು" ಅಂದೆ.

ಅಂವಾ ಸ್ಕ್ರೀನ್ ಮ್ಯಾಲಿನ ಆ ಖಾಲಿ ಜಾಗಾನ ಬೆರಳಲೆ ಮುಟ್ಟಿ ನೋಡಿದ. "ಇರಲಿ ವೈನಿ. ಬೇಕಾದ್ರ ಹೇಳ್ತೀನಿ" ಅಂದ.

ಜೂನ್ 14

ಇವತ್ತ ಆಗಬಾರದ್ದು ಆತು. ಫೋಟೋ ಒಯ್ಯಾಕ ಸುಮಂತ ಬರತಾನಂತ ಮಾಡಿದ್ದೆ, ಆಯಿನ ಬಂದ್ಲು. ಶೀಟ್ ಇನ್ನೂ ಕತ್ತರಿಸಿರಲಿಲ್ಲ, ಟೇಬಲ್ ಮ್ಯಾಲನ ಇತ್ತು. ಹೊಳ್ಳಿಸಿ ಇಡೂದರಾಗ ನೋಡಿಬಿಟ್ಲು.

"ಇವೆಲ್ಲಾ ನಾನ?" ಅಂದ್ಲು. ಆಮ್ಯಾಲ — "ಕೆಳಗ ದೀಪಾ ಯಾಕ ಹಚ್ಚಿ, ತಂಗಿ?"

ಸುಮಂತ ಹೇಳಿದ್ದ, ನಿಮಗ ಗೊತ್ತೈತಿ ಅನ್ಕೊಂಡಿದ್ದೆ ಅಂದೆ.

ಆಯಿ ಸೆರಗಲೆ ಶೀಟ್ ಒರಸಿ ಬಾಳ ಹೊತ್ತು ನೋಡಿದ್ಲು. "ಚಂದ ಬಂದೀನಿ" ಅಂದ್ಲು. ಕುಂದರಿಸಿ ನೀರ ಕೊಟ್ಟೆ. ಸಾವಕಾಶ ಹೇಳಿದ್ಲು. ರಸ್ತೆ ಬಾಜು ಹೊಲಾ ಆಕಿ ಹೆಸರಿಲೆ ಐತಿ. ಸುಮಂತಗ ಪ್ಲಾಟ್ ಮಾಡೂದೈತಿ, ಸಹಿ ಮಾಡು ಅಂತ ಬೆನ್ನ ಹತ್ಯಾನ. ಈಕಿ ವಲ್ಲೆ ಅಂತಾಳ.

"ನಾ ಇರೂತನಕ ಅಲ್ಲೆ ಭತ್ತಾನ ಬೆಳ್ಯೂದು ಅಂದಿದ್ದೆ. ಏನ ಮಾಡಬೇಕಂತ ನಾನ ಹೇಳಿಕೊಟ್ಟಂಗಾತು."

ಹೋಗುಮುಂದ ನನ್ನ ಕೈ ಹಿಡಕೊಂಡ್ಲು. "ಸಂತಿಗೆ ಬಂದಾಗ ನಿನ್ನ ಅಂಗಡ್ಯಾಗ ಹಣಿಕಿ ಹಾಕ್ತೀನಿ. ಹಾಕಲಿಲ್ಲಂದ್ರ ಯಾಕಂತ ನೀ ಕೇಳಬೇಕು." ಹೂಂ ಅಂದೆ.

ರೊಟ್ಟಿ ತಿನ್ನುಮುಂದ ಸುಯೋಗಗ ಹೇಳಿದೆ. "ಊರ ಉಸಾಬರಿ ನಿನಗ್ಯಾಕ" ಅಂದ್ರು. ಊರದ್ದಲ್ಲ. ದೀಪಾ ಹಚ್ಚಿದಾಕಿ ನಾನು.

ಜೂನ್ 23

ಆಯಿ ಹಣಿಕಿ ಹಾಕಿದ್ಲು. "ಅದೀನಿ ನೋಡು." ಒಂದ ಸಿವುಡ ಕೊತಂಬರಿ ಟೇಬಲ್ ಮ್ಯಾಲ ಇಟ್ಟು ಹೋದ್ಲು.

ಜೂನ್ 30

"ಅದೀನಿ ನೋಡು." ಇವತ್ತ ನಕ್ಕಳು ಸೈತ. ಇಡೀ ದಿನಾ ಕೆಲಸ ಹಗೂರ ಆತು.

ಜುಲೈ 7

ಬರಲಿಲ್ಲ. ಮಳಿ ಜೋರೈತಿ. ಮಲಪ್ರಭಾ ಕೆಂಪ ನೀರ ಹೊತ್ತು ಹರ್ಯಾಕತ್ತಾಳ. ಸಂತ್ಯಾಗ ಮಂದಿನ ಇರಲಿಲ್ಲ. ಮಳಿಗೇ ಬಂದಿರಲಿಕ್ಕಿಲ್ಲ — ಹಂಗಂತ ಬರ್ಯಾಕತ್ತೀನಿ, ಮನಸ್ಸು ಒಪ್ಪವಲ್ದು.

ಜುಲೈ 14

ಬಂದ್ಲು. ಬಲಗೈಗೆ ಪಟ್ಟಿ.

"ಬಾವಿ ಕಟ್ಟಿ ಮ್ಯಾಲ ಕಾಲ ಜಾರ್ತು. ಬಾಜು ಮನಿಯಾಕಿ ಸೀರಿ ಹಿಡದು ಎಳದ್ಲು, ಇಲ್ಲಂದ್ರ ಒಳಗ."

"ಸುಮಂತ ಎಲ್ಲಿದ್ದ?"

"ನನ್ನ ಹಿಂದ."

ಪೊಲೀಸರಿಗೆ ಹೇಳೂಣು ನಡೀರಿ ಅಂದೆ. "ಏನಂತ ಹೇಳ್ತಿ? ಫೋಟೋಕ್ಕ ದೀಪಾ ಹಚ್ಚಿಸ್ಯಾನಂತನ?" ಇವತ್ತ 'ಅದೀನಿ ನೋಡು' ಅನ್ನೂದು ಮರತ್ಲು.

ಜುಲೈ 17, ಮುಂಜಾನೆ

ಅಂಗಡಿ ತೆರದು ಕಸಾ ಹೊಡ್ಯಾಕತ್ತಿದ್ದೆ. ಸುಮಂತನ ವಾಟ್ಸಾಪ್.

'ವೈನಿ, ಆ ದೊಡ್ಡ ಫೋಟೋಕ್ಕ ತಾರೀಖ ಹಾಕಿ ಇಡ್ರಿ. ಮರಣ: 19 ಜುಲೈ.'

ಅಯ್ಯ ಪಾಪ, ಹೋದ್ಲಲ್ಲಾ ಅಂತ ಕಣ್ಣಾಗ ನೀರ ಬಂತು. ಆಮ್ಯಾಲ ಕ್ಯಾಲೆಂಡರ್ ಕಡೆ ನೋಡಿದೆ.

ಇವತ್ತ 17.

ಅದ ದಿನಾ, ಸಂಜಿ

ಶಟರ್ ಎಳದು ದೇಸೂರಿಗೆ ಓಡಿದೆ. ದಾರಿ ತುಂಬ ಆಯಿ ಇನ್ನೂ ಇರಲಿ, ಇರಲಿ ಅಂತ ಣಮೋಕಾರ ಮಂತ್ರಾ ಹೇಳಿಕೊಂತ… ಆಯಿ ಹಿತ್ತಲದಾಗ ಕುಂತು ಒಂದ ಕೈಲೆ ಅಕ್ಕಿ ಆರಸಾಕತ್ತಿದ್ಲು. ಸುಮಂತ ಇರಲಿಲ್ಲ. ಮೆಸೇಜ್ ಓದಿ ಹೇಳಿದೆ. ಮೊರಾ ಕೆಳಗಿಟ್ಲು. "ನಡಿ" ಅಂದ್ಲು. ಎರಡ ಸೀರಿ ಗಂಟ ಕಟ್ಟಿಕೊಂಡು ನನ್ನ ಸಂಗಾಟ ಬೆಳಗಾವಿಗೆ, ನಮ್ಮ ಮನಿಗೆ ಬಂದಾಳ.

ಹೊತ್ತ ಮುಳಗೂ ಮೊದಲ ನಮ್ಮ ಜೋಡಿ ಊಟಾ ಮಾಡಿದ್ಲು. "ನಿಮ್ಮ ಜೈನರ ಮನ್ಯಾಗ ಲಗೂ ಉಣಸ್ತೀರಿ, ಚಲೋ ಆತು" ಅಂದ್ಲು. ಸುಯೋಗ ಮೆಸೇಜ್ ಎರಡ ಸಲ ಓದಿದ್ರು. ಈ ಸಲ ಉಸಾಬರಿ ಅನ್ನಲಿಲ್ಲ.

ಜುಲೈ 18

ವಕೀಲರನ್ನ ಕರಕೊಂಡು ಹೋಗಿ ಪೊಲೀಸ್ ಕಂಪ್ಲೇಂಟ್ ಕೊಟ್ವಿ. ಮೆಸೇಜ್ ಫೋಟೋ ತಗೊಂಡ್ರು. ಸುಮಂತ ಮನ್ಯಾಗಿಲ್ಲ, ಫೋನ್ ಬಂದ್. ಹುಡಕತೀವಿ, ಹುಷಾರಿರ್ರಿ ಅಂದ್ರು.

ಜುಲೈ 19

ಅಂಗಡಿ ತೆರೀಲಿಲ್ಲ. ಸುಯೋಗ ರಜಾ. ಬಾಗಿಲಾ ಹಾಕಿಕೊಂಡು ಮೂರೂ ಮಂದಿ ಕುಂತಿದ್ವಿ. ಕರೆಗಂಟಿ ಆದ್ರ ಸಾಕು ಸುಯೋಗ ಕಿಡಕ್ಯಾಗ ಹಣಿಕಿ ಹಾಕಿ ನೋಡತಿದ್ರು. ಹಾಲಿನಂವಾ. ಆಮ್ಯಾಲ ಗ್ಯಾಸಿನಂವಾ.

ಆಯಿ ಮಾತ್ರ ಶೇಂಗಾ ಸುಲದ್ಲು. ಹೊತ್ತ ಮುಳಗಿದ ಮ್ಯಾಲ ನನ್ನ ಕಡೆ ನೋಡಿ "ಅದೀನಿ ನೋಡು" ಅಂದ್ಲು. ಅತ್ತುಬಿಟ್ಟೆ.

ಜುಲೈ 20, ಮಧ್ಯಾಹ್ನ

ತಾರೀಖ ಹೋತು. ಇನ್ನ ಏನಿಲ್ಲ ಅಂತ ಅಂಗಡಿಗೆ ಬಂದೀನಿ. ಮುಂಜಾನೆ ಮನಿ ಕಟ್ಟಿ ಮ್ಯಾಲ ಕುಂತು ಆಯಿ ತಲಿ ಹಿಕ್ಕಿ ಬಂದೆ. ನನ್ನ ಹಳೇ ಬಟನ್ ಫೋನ ಕೊಟ್ಟು, ಫೋನ ಬಂದ್ರ ಹಸರ ಗುಂಡಿ ಒತ್ತೂದು ಕಲಿಸಿ ಬಂದೀನಿ. ಹಚ್ಚಿ ನೋಡಿದ್ರ ಹಲೋ ಬದ್ಲಿ 'ಅದೀನಿ ನೋಡು' ಅಂದ್ಲು. ಸುಯೋಗ ಸಾಂಬ್ರಾಕ್ಕ ಹೋಗ್ಯಾರ. ಆಯಿ ಒಬ್ಬಾಕಿನ, ಆದ್ರ ಚಿಲಕಾ ಹಾಕ್ಕೋ ಅಂದೀನಿ.

ಸ್ವಲ್ಪ ಹೊತ್ತಿನ ಮ್ಯಾಲ

ಹೊಸಾ ನಂಬರಿಂದ ವಾಟ್ಸಾಪ್.

'ವೈನಿ, ಒಂದಿನ ತಡಾ ಆತು. 19 ಅಳಿಸಿ 20 ಮಾಡ್ರಿ. ಮತ್ತ ಶೀಟಿನಾಗ ಇನ್ನೊಂದರ ಜಾಗಾ ಐತಿ ಅಂದಿದ್ರ್ಯಲ್ಲಾ. ಇದನ್ನ ಕುಂದರಸ್ರಿ.'

ಕೆಳಗೊಂದ ಫೋಟೋ. ನೆಟ್ ಸ್ಲೋ ಐತಿ, ಬಾಳ ಹೊತ್ತು ತಿರಗಿ ತೆರೀತು. ಪಾಸ್‌ಪೋರ್ಟ್ ಸೈಜಿಗೆ ತಾನ ಕ್ರಾಪ್ ಮಾಡ್ಯಾನ. ನಾನು. ಈಗ ಉಟ್ಟಿದ್ದ ಇದ ಸೀರಿ. ನಮ್ಮ ಮನಿ ಕಟ್ಟಿ. ಮೂಲ್ಯಾಗ ಆಯಿ ಬಿಳೇ ಕೂದಲಾ ಒಂದೀಟ ಕಾಣತೈತಿ.

ಸುಯೋಗ ಫೋನ ಎತ್ತವಲ್ರು. ಠಾಣೆಗೆ ಹೇಳಿದೆ, ಮನಿಗೆ ಜೀಪ್ ಕಳಸ್ತೀವಿ ಅಂದ್ರು. ಆಯಿಗೆ ಹಚ್ಚೀನಿ. ರಿಂಗ್ ಆಗಾಕತ್ತೈತಿ. ಎತ್ತೂತನಕ ಕೈಗೆ ಏನರ ಕೆಲಸಾ ಬೇಕಂತ ಬರ್ಯಾಕತ್ತೀನಿ. ಹಸರ ಗುಂಡಿ, ಆಯಿ. ಹಸರ ಗುಂಡಿ ಒತ್ತು.

ಎತ್ತಿದ್ರು. ಆಯಿ ಹಲೋ ಅನ್ನಾಂಗಿಲ್ಲ, 'ಅದೀನಿ ನೋಡು' ಅಂತಾಳ. ಆ ಮಾತ ಬರವಲ್ದು. ಯಾರೋ ಉಸರ ಬಿಡಾಕತ್ತಾರ. ಈಗ ದನಿ ಬಂತು —

"ವೈನಿ, ಫೋಟೋ ಕುಂದರಿಸಿದ್ರ್ಯಾ…"