ಬೆನ್ನ ಹಿಂದಿನ ದನಿ

ರಿಚರ್ಡ್ಸ್ ಟೌನ್
೧೬ ಫೆಬ್ರವರಿ ೨೦೨೫

ರುದ್ರಾಣಿ, ಕ್ಷೇಮವಾಗಿದ್ದೀಯೆಂದು ನಂಬಿಕೊಂಡು ಬರೆಯುತ್ತಿದ್ದೇನೆ.

ಫೋನಿನಲ್ಲಿ ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ನೀವಿಬ್ಬರೂ ಇರುವ ಹಲಸೂರಿಗೂ ಇಲ್ಲಿಗೂ ನಡುವೆ ಇರುವುದು ಒಂದು ಕೆರೆ ಅಷ್ಟೇ. ಆದರೂ ಅಂಚೆಗೆ ಹಾಕುತ್ತೇನೆ. ನಿನ್ನೆ ನಡೆದದ್ದನ್ನು ನಮ್ಮ ಮಗಳು ಹೇಳುವ ಮೊದಲು ನಾನೇ ಹೇಳಬೇಕು.

ನಮ್ಮ ಚರ್ಚಿನ ಲ್ಯಾಟಿನ್ ಗೀತೆ ಹಾಡುವ ಕ್ವಾಯರ್‌ನಲ್ಲಿ ಈಗ ನಾಲ್ಕೇ ಜನ. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದೊಳಗೆ ಹೊಸಬರು ಸಿಗದಿದ್ದರೆ ಭಾನುವಾರದ ಪೂಜೆಯ ಹಾಡನ್ನು ಕೀಬೋರ್ಡ್ ನುಡಿಸುವವರಿಗೆ ಕೊಡುತ್ತೇನೆಂದು ಫಾದರ್ ಹೇಳಿದ್ದರು. ನಿನ್ನೆ ಆಯ್ಕೆ ಇಟ್ಟೆ. ಅಕ್ಕನ ಮಗಳು, ಮೈದುನ ಎಂದು ಯಾರೂ ಒತ್ತಾಯಿಸಬಾರದೆಂದು ನಾನೇ ಮಾಡಿದ ನಿಯಮವೊಂದಿದೆ: ಬಂದವರು ಮೇಲಿನ ಗ್ಯಾಲರಿಯಲ್ಲಿ ನಿಂತು ಹಾಡಬೇಕು, ನಾವು ಕೆಳಗೆ, ಅವರಿಗೆ ಬೆನ್ನು ಹಾಕಿ ಕೂತು ಜೊತೆಗೆ ಹಾಡುತ್ತೇವೆ. ವಾದ್ಯವಿಲ್ಲ, ಎಲ್ಲರದೂ ಒಂದೇ ರಾಗ. ಹೊಸ ದನಿ ಬೇರೆಯಾಗಿ ಕೇಳಿಸಿತೋ, ನಾನು ಕೈ ಎತ್ತುತ್ತೇನೆ. ಅವರು ಮನೆಗೆ.

ಕಮರ್ಷಿಯಲ್ ಸ್ಟ್ರೀಟಿನ ಬಟ್ಟೆ ಅಂಗಡಿಯ ಲೂರ್ದುಸ್ವಾಮಿ ದೇವರನ್ನೇ ಗಿರಾಕಿಯೆಂದುಕೊಂಡು ಕೂಗಿ ಕರೆದ. ಕೈ ಎತ್ತಿದೆ. ಅವನ ಹಿಂದೆ ಬಂದವರಿಗೂ ಎತ್ತಿದೆ. ಕೊನೆಯ ಸರದಿಯಲ್ಲಿ ಏನೂ ಕೇಳಿಸಲಿಲ್ಲ. ಮೇಲಿದ್ದೋರು ಟೀಗೆ ಹೋದ್ರಾ ಮಾಸ್ಟ್ರೇ, ಎಂದು ನಮ್ಮ ಸಹಾಯಮೇರಿ ಹಾಡಿನ ನಡುವೆಯೇ ಪಿಸುಗುಟ್ಟಿದಳು. ನಮ್ಮವರನ್ನು ತಟ್ಟನೆ ನಿಲ್ಲಿಸಿದೆ. ಮೇಲಿನ ದನಿ ಒಂದು ಉಸಿರಿನಷ್ಟು ಮುಂದೆ ಹೋಗಿ ನಿಂತಿತು. ಅದು ಮೊದಲಿನಿಂದಲೂ ಹಾಡುತ್ತಿತ್ತು, ರುದ್ರಾಣಿ. ನನ್ನ ದನಿಯೊಳಗೇ ಇತ್ತು. ಇಷ್ಟು ವರ್ಷದಲ್ಲಿ ಅಂಥದ್ದು ಸಿಕ್ಕಿರಲಿಲ್ಲ. ಇವರೇ ಬೇಕು, ಎಂದು ಕೂಗಿಬಿಟ್ಟೆ.

ಮೆಟ್ಟಿಲಿಳಿದು ಬಂದವಳು ಗೌತಮಿ.

ಹೀಗೆ ಕೇಳಿಸದ ಹಾಗೆ ಹಾಡೋದನ್ನ ಎಲ್ಲಿ ಕಲಿತೆ ಎಂದು ಕೇಳಿದೆ. ನಿಮ್ಮ ಮನೇಲೇ ಅಪ್ಪಾ, ನೀವಿದ್ದಾಗೆಲ್ಲ ಅದೇ ಪ್ರ್ಯಾಕ್ಟೀಸ್ ಅಲ್ವಾ, ಎಂದಳು. ಸಹಾಯಮೇರಿ ನಕ್ಕಳು. ಗೌತಮಿಯೂ ನಕ್ಕಳು.

ಮುಂದಿನ ಶನಿವಾರ ಬಾ, ಒಬ್ಬಳೇ ಹಾಡು, ನಾನು ಬಾಯಿ ತೆರೆಯುವುದಿಲ್ಲ ಎಂದೆ. ಬೇರೆಯಾಗಿ ಕೇಳಿಸಿದ್ರೆ ನಿಮ್ಮ ಕೈ ಮೇಲೇಳತ್ತಲ್ಲಪ್ಪಾ, ಎಂದಳು. ನೋಡೋಣ ಅಂತ ಹೊರಟುಹೋದಳು.

ಅವಳನ್ನು ಕಳಿಸು. ಕ್ವಾಯರ್ ಉಳಿಯಲಿ ಅಂತಲ್ಲ. ಅದನ್ನು ಕೀಬೋರ್ಡಿನವರೇ ತೆಗೆದುಕೊಳ್ಳಲಿ. ನಮ್ಮ ಮಗಳ ದನಿ ಹೇಗಿದೆಯೆಂದು ನನಗೆ ಗೊತ್ತಿಲ್ಲ.

ಇನ್ನಾಸಪ್ಪ

ಮ.ವಿ.: ಮೇಲೆ ಒಂದು ಕಡೆ ಬರೆಯದೆ ದಾಟಿಸಿದ್ದೇನೆ. ಅವಳು ಇಳಿದು ಬಂದು ಎದುರಿಗೆ ನಿಂತಾಗಲೂ ನನಗೆ ಗುರುತು ಸಿಗಲಿಲ್ಲ. ಕೂದಲು ಕತ್ತರಿಸಿಕೊಂಡಿದ್ದಾಳೆ, ಕನ್ನಡಕ ಬಂದಿದೆ, ಕಾರಣ ಅದಲ್ಲ. ಹೆಸರೇನಮ್ಮ ಎಂದು ಕೇಳಿದೆ. ಅವಳು ಪೂರ್ತಿ ಹೆಸರು ಹೇಳಿದಳು. ಕೊನೆಯಲ್ಲಿ ನನ್ನದಿತ್ತು.